ತಮಟೆಯ ಎಡಗೈ

ಕರಗದ ರಾತ್ರಿ ಒಂದು ಗಂಟೆ ದಾಟಿರುತ್ತದೆ. ಅಷ್ಟು ಹೊತ್ತೂ ಶಿಡ್ಲಘಟ್ಟದ ಬೀದಿಯನ್ನು ಕುಣಿಸುತ್ತಿದ್ದ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಗಂಡಸರು ಟೀ ಅಂಗಡಿಯ ಕಡೆ ತಿರುಗುತ್ತಾರೆ. ಹೆಂಗಸರು ನಿದ್ದೆ ಹೋದ ಮಗುವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಳ್ಳುತ್ತಾರೆ. ತಮಟೆಯವರು ಎಲ್ಲಿ ಹೋದರೆಂದು ಆಗ ಹುಡುಕಬೇಕು. ಯಾವುದೋ ಖಾಲಿ ಸೈಟಿನ ಮೂಲೆಯಲ್ಲಿ, ಸೊಪ್ಪು ಬಿಡಿಸಿದ ಹಿಪ್ಪುನೇರಳೆ ಕಡ್ಡಿಗೆ ಬೆಂಕಿ ಹಚ್ಚಿ, ಅದರ ಸುತ್ತ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ತಮಟೆಯ ಮುಖವನ್ನು ಉರಿಯ ಎದುರು ಹಿಡಿದು, ರೊಟ್ಟಿ ಸುಡುವವರ ಹಾಗೆ ನಿಧಾನವಾಗಿ ತಿರುಗಿಸುತ್ತಿರುತ್ತಾರೆ. ನಡುನಡುವೆ ಬೆರಳಲ್ಲಿ ತಟ್ಟಿ ಕಿವಿಗೊಡುತ್ತಾರೆ. ‘ಇನ್ನೂ ಬಂದಿಲ್ಲ’ ಅನ್ನುತ್ತಾನೆ ಒಬ್ಬ. ಮತ್ತೆ ಉರಿಗೆ ಹಿಡಿಯುತ್ತಾನೆ.

ಬರಬೇಕಾದದ್ದು ನಾದ. ಚರ್ಮ ಗಾಳಿಯ ತೇವವನ್ನು ಕುಡಿಯುತ್ತದೆ, ಕುಡಿದಷ್ಟೂ ಸಡಿಲವಾಗುತ್ತದೆ. ಸಡಿಲಾದ ಚರ್ಮ ‘ಡಬ್’ ಅನ್ನುತ್ತದೆಯೇ ಹೊರತು ‘ಠಣ್’ ಅನ್ನುವುದಿಲ್ಲ. ನಂದಿಬೆಟ್ಟದ ಸುತ್ತಣ ಈ ಸೀಮೆಯಲ್ಲಿ ಹಗಲು ಎಷ್ಟೇ ಒಣಗಿ ಕಾದಿದ್ದರೂ ನಡುರಾತ್ರಿ ಕಳೆದರೆ ತಂಪು ಇಳಿಯುತ್ತದೆ. ಚಳಿಗಾಲವಾದರೆ ಇಬ್ಬನಿಯೇ ಸುರಿಯುತ್ತದೆ. ಸಂಜೆ ಖಣಖಣ ಅನ್ನುತ್ತಿದ್ದ ತಮಟೆ ಆ ಹೊತ್ತಿಗೆ ಸೋತಿರುತ್ತದೆ. ಬೆಂಕಿಯ ಶಾಖ ತೇವವನ್ನು ಓಡಿಸಿ ಚರ್ಮವನ್ನು ಬಿಗಿಯುತ್ತದೆ, ಬಿಗಿದಂತೆ ಶ್ರುತಿ ಏರುತ್ತದೆ. ಸಾಲದೆ ಹೋದರೆ ದನಿ ಏಳದು, ಹೆಚ್ಚಾದರೆ ಚರ್ಮ ಸೀದು ಬಿರಿಯುತ್ತದೆ. ವೀಣೆಯವರು ಬಿರಡೆ ತಿರುವಿ, ಮೃದಂಗದವರು ಕಲ್ಲಿನಿಂದ ತಟ್ಟಿ ಮಾಡಿಕೊಳ್ಳುವ ಕೆಲಸವನ್ನು ತಮಟೆಯವರು ಬೆಂಕಿಯಿಂದ ಮಾಡಿಕೊಳ್ಳುತ್ತಾರೆ. ಅದೂ ರಾತ್ರಿಯಲ್ಲಿ ಒಂದು ಸಲವಲ್ಲ, ಬೆಳಗಾಗುವವರೆಗೆ ಮತ್ತೆ ಮತ್ತೆ.

ರಾತ್ರಿಯಿಡೀ ಕುಣಿಯಲು ಈ ಊರುಗಳು ಕ್ಲಬ್ಬು ಬರಲೆಂದು ಕಾಯಲಿಲ್ಲ. ಸಂಗೀತದ ಜೊತೆ ರಾತ್ರಿ ಕಳೆಯುವುದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಗೆ ಹಳೆಯ ರೂಢಿ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಗೆ ಅಲ್ಲಿನ ಸಂತ ತಾತಯ್ಯನವರ ಸನ್ನಿಧಿಯಲ್ಲಿ 72 ಗಂಟೆ ಎಡೆಬಿಡದೆ ಸಂಗೀತ ನಡೆಯುತ್ತದೆ. ಅದೇ ತಾಲ್ಲೂಕಿನ ಮುರುಗಮಲ್ಲದ ದರ್ಗಾದಲ್ಲಿ ಉರುಸಿನ ರಾತ್ರಿ ಕವ್ವಾಲಿ. ನಂದಿಯ ಭೋಗನಂದೀಶ್ವರನಿಗೆ ಶಿವರಾತ್ರಿಯ ಜಾಗರಣೆ. ಇವೆಲ್ಲ ಕೂತು ಕೇಳುವ ರಾತ್ರಿಗಳು. ಎದ್ದು ಕುಣಿಯಬೇಕೆಂದರೆ ತಮಟೆ ಬೇಕು. ಊರ ಹಬ್ಬವಾಗಲಿ, ಗಂಗಮ್ಮನ ಜಾತ್ರೆಯಾಗಲಿ, ಮಲ್ಲಿಗೆಯಲ್ಲಿ ಮುಚ್ಚಿಹೋದ ಹೂವಿನ ಕರಗ ಬೀದಿ ಸುತ್ತುವ ರಾತ್ರಿಯಾಗಲಿ, ಕಾಲಿಗೆ ಜೀವ ತುಂಬುವುದು ಅದೇ.

ನಮ್ಮಲ್ಲಿ ಅದು ತಮಟೆ. ಉತ್ತರ ಕರ್ನಾಟಕಕ್ಕೆ ಹೋದರೆ ಹಲಗೆ. ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಕಾಲಿಟ್ಟರೆ ಡಪ್ಪು, ತಪ್ಪೆಟ. ಚಿಂತಾಮಣಿಯಿಂದ ಆಚೆ ಚಿತ್ತೂರಿನ ಸೀಮೆಯಲ್ಲಿ ಪಲಕ. ತಮಿಳುನಾಡಿಗೆ ಇಳಿದರೆ ಪರೈ. ಕಟ್ಟುವ ರೀತಿಯಲ್ಲಿ, ಅಗಲದಲ್ಲಿ, ಹಿಡಿಯುವ ಕೈಯಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳುಂಟು. ಒಂದು ಬಳೆ, ಒಂದು ಚರ್ಮ, ಎರಡು ಕಡ್ಡಿ ಎಂಬುದು ಎಲ್ಲ ಕಡೆಯೂ ಒಂದೇ. ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ಸೀಮೆಯ ಜನಕ್ಕೆ ಈ ಹೆಸರುಗಳ ಗಡಿ ಯಾವತ್ತೂ ಗಡಿಯಾಗಿ ಕಂಡಿಲ್ಲ.

ಮಾಡುವ ಬಗೆ ಹೇಳುವುದಕ್ಕೆ ಸರಳ, ಕೈಗೆ ಬರುವುದು ಕಷ್ಟ. ಹಿಂದೆ ಮರದ ತುಂಡುಗಳನ್ನು ಬಾಗಿಸಿ ಜೋಡಿಸಿ ಬಳೆ ಮಾಡುತ್ತಿದ್ದರು. ಈಗ ಹೆಚ್ಚಾಗಿ ಕಬ್ಬಿಣದ ಪಟ್ಟಿಯ ಬಳೆ. ಮೇಕೆಯದೋ ಕರುವಿನದೋ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಒಳಮೈಯ ಕೊಬ್ಬು ಕೆರೆದು ತೆಗೆಯುತ್ತಾರೆ. ಹಸಿಯಾಗಿರುವಾಗಲೇ ಬಳೆಯ ಮೇಲೆ ಎಳೆದು, ಹಿಂಬದಿಯಲ್ಲಿ ಚರ್ಮದ ದಾರದಿಂದ ಬಿಗಿದು, ನೆರಳಲ್ಲಿ ಒಣಗಲು ಬಿಡುತ್ತಾರೆ. ಹಸಿಚರ್ಮ ಒಣಗುತ್ತ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ಮೊದಲ ಬಿಗಿ. ಒಂದೇ ಪ್ರಾಣಿಯ ಚರ್ಮ ಬೆನ್ನಿನ ಭಾಗದಲ್ಲಿ ದಪ್ಪ, ಹೊಟ್ಟೆಯ ಕಡೆ ತೆಳು ಮತ್ತು ಸಡಿಲ. ಬಳೆಯ ಉದ್ದಕ್ಕೂ ಒಂದೇ ದನಿ ಬರಬೇಕಾದರೆ ಯಾವ ಭಾಗ ಎಲ್ಲಿ ಕೂರಬೇಕು, ಎಲ್ಲಿ ಇನ್ನೊಂದಿಷ್ಟು ಹೆರೆಯಬೇಕು ಎಂಬುದನ್ನು ಕಟ್ಟುವವನ ಬೆರಳೇ ಹೇಳಬೇಕು. ಅಳತೆಪಟ್ಟಿ ಹಿಡಿದು ಈ ಕೆಲಸ ಆಗುವುದಿಲ್ಲ.

ಇನ್ನು ಕಡ್ಡಿಗಳು. ಈ ವಿದ್ಯೆಯ ಗುಟ್ಟೆಲ್ಲ ಇರುವುದು ಇಲ್ಲಿ. ಬಲಗೈಯಲ್ಲಿ ಒಂದು ಗಿಡ್ಡ, ದಪ್ಪ ಕೋಲು. ಎಡಗೈಯಲ್ಲಿ ತೆಳ್ಳಗೆ ಸೀಳಿದ, ಬಲಗೈ ಕೋಲಿಗಿಂತ ಉದ್ದವಾದ ಬಿದಿರ ಕಡ್ಡಿ. ತಮಟೆ ಎಡಹೆಗಲಿಂದ ಪಟ್ಟಿಯಲ್ಲಿ ಇಳಿಬಿದ್ದು ಎಡತೋಳಿಗೆ ಒರಗಿರುತ್ತದೆ. ನೋಡುವವರ ಕಣ್ಣೆಲ್ಲ ಬಲಗೈಯ ಮೇಲೆ. ಅದು ಮೇಲೇಳುತ್ತದೆ, ಬೀಸಿ ಬರುತ್ತದೆ, ಚರ್ಮದ ನಡುವಿಗೆ ಹೊಡೆದು ಎದೆ ನಡುಗಿಸುವ ಪೆಟ್ಟು ಕೊಡುತ್ತದೆ. ಎಡಗೈ ಎದ್ದು ಕಾಣುವುದಿಲ್ಲ. ಅದು ಬಳೆಯನ್ನು ಹಿಡಿದುಕೊಂಡೇ ಬೆರಳುಗಳ ಸಣ್ಣ ಚಲನೆಯಿಂದ ಕಡ್ಡಿಯನ್ನು ಚರ್ಮದ ಅಂಚಿಗೆ ಬಡಿಯುತ್ತಿರುತ್ತದೆ. ನಡುವೆ ಬಿದ್ದ ಪೆಟ್ಟಿಗೆ ಇಡೀ ಚರ್ಮ ಒಟ್ಟಾಗಿ ಅಲುಗಿ ಗಂಭೀರ ನಾದ ಕೊಡುತ್ತದೆ. ಅಂಚಿಗೆ ಬಿದ್ದ ತೆಳು ಕಡ್ಡಿ ಸಣ್ಣ ಸಣ್ಣ ಅಲೆಗಳನ್ನೆಬ್ಬಿಸಿ ಚುರುಕಾದ, ಚಾಟಿಯಂಥ ದನಿ ಮಾಡುತ್ತದೆ. ಬಲಗೈ ಮಾತಾಡಿದರೆ ಎಡಗೈ ಆ ಮಾತಿನ ನಡುವಿನ ಜಾಗವನ್ನು ಅಳೆದು ಕೊಡುತ್ತದೆ. ಹಾಗೆ ಅಳೆಯುವ ಕೈ ಒಂದು ಕೂದಲೆಳೆಯಷ್ಟು ತಡವಾದರೂ ಕುಣಿಯುವವನ ಹೆಜ್ಜೆ ತೊಡರುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ, ಊರ ಹಬ್ಬ ಮುಗಿದ ಮಾರನೆಯ ದಿನ, ತಮಟೆ ಬಾರಿಸುತ್ತಿದ್ದ ಒಬ್ಬ ತಾತನ ಬಳಿ ಹೋಗಿ ನನಗೂ ಹೇಳಿಕೊಡಿ ಎಂದಿದ್ದೆ. ಅವರು ಬೇವಿನ ಮರದ ಬುಡದಲ್ಲಿ ಕೂತಿದ್ದರು. ರಾತ್ರಿಯೆಲ್ಲ ಬಾರಿಸಿದ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಾನು ಕೋಲಿಗೆ ಕೈ ಹಾಕಿದಾಗ ತಡೆದರು. ‘ಅದು ಕೆಳಗಿಡು ಸಾಮಿ. ಮೊದಲು ನಡಿ’ ಎಂದರು. ಮರದ ಸುತ್ತ ನನ್ನನ್ನು ನಡೆಸಿದರು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಆಮೇಲೆ ಒಂದು ತಿರುಗು. ಅವರು ಬಾಯಲ್ಲಿ ‘ಡಂಡಣಕ ಡಣ, ಡಂಡಣಕ ಡಣ’ ಎಂದು ಹೇಳುತ್ತಿದ್ದರು. ಕಾಲಿಗೆ ಲಯ ಕೂರುವವರೆಗೆ ಕೈಗೆ ಕೋಲು ಕೊಡಲಿಲ್ಲ. ಕೊಟ್ಟಾಗ ನನ್ನ ಬಲಗೈ ಹೇಗೋ ಹೊಂದಿಕೊಂಡಿತು, ಎಡಗೈ ಮಾತ್ರ ಕೇಳಲೇ ಇಲ್ಲ. ‘ಎಡಗೈ ಬರೋಕೆ ನಮ್ಮ ಮಕ್ಳಿಗೇ ವರ್ಷ ಹಿಡೀತದೆ’ ಎಂದು ಅವರು ನನ್ನನ್ನು ಸಮಾಧಾನಪಡಿಸಿದರು. ಅವರ ಮೊಮ್ಮಗನ ವಯಸ್ಸಿನ ನನ್ನನ್ನು ಅವರು ಸಾಮಿ ಎಂದು ಕರೆದದ್ದು ಆಗ ನನಗೆ ಸಹಜವಾಗಿ ಕೇಳಿಸಿತ್ತು. ಈಗ ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಕಾಲಿನಿಂದ ಕಲಿಸುವ ಈ ಪಾಠದ ಅರ್ಥ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ತಮಟೆಯವರು ನಿಂತಲ್ಲೇ ನಿಂತು ಬಾರಿಸುವುದಿಲ್ಲ. ಅರ್ಧವೃತ್ತವಾಗಿ ನಿಂತು, ಬಾಗಿ, ಎದ್ದು, ಒಟ್ಟಿಗೆ ಹೆಜ್ಜೆ ಹಾಕುತ್ತ, ಒಬ್ಬರನ್ನೊಬ್ಬರು ದಾಟಿ ಹೋಗುತ್ತ ಬಾರಿಸುತ್ತಾರೆ. ನುಡಿಸುವವರೂ ಅವರೇ, ಕುಣಿಯುವವರೂ ಅವರೇ. ತಾಳವನ್ನು ಲೆಕ್ಕದಲ್ಲಿ ಇಟ್ಟುಕೊಂಡವನಿಗೆ ಕುಣಿಯುತ್ತ ಅದು ತಪ್ಪುತ್ತದೆ. ಮೊಣಕಾಲಿನಲ್ಲಿ ಇಟ್ಟುಕೊಂಡವನಿಗೆ ತಪ್ಪುವುದಿಲ್ಲ. ಬರವಣಿಗೆಯ ಸ್ವರಲಿಪಿ ಇಲ್ಲದ ಈ ವಿದ್ಯೆಗೆ ಪುಸ್ತಕ ಎರಡೇ, ಒಂದು ಬಾಯಿ, ಇನ್ನೊಂದು ಪಾದ.

ಒಂದೊಂದು ಸಂದರ್ಭಕ್ಕೆ ಒಂದೊಂದು ವರಸೆ. ದೇವರನ್ನು ಎಬ್ಬಿಸಿ ಬೀದಿಗೆ ತರುವಾಗಿನ ನಡೆ ಬೇರೆ, ಮದುವೆಯ ದಿಬ್ಬಣದ ನಡೆ ಬೇರೆ. ಡಂಗುರ ಸಾರುವಾಗ ನಾಲ್ಕು ಬಿರುಸಿನ ಪೆಟ್ಟು ಹೊಡೆದು ತಟ್ಟನೆ ನಿಲ್ಲಿಸುತ್ತಾರೆ, ಮಾತು ಕೇಳಲಿ ಎಂದು. ಸಾವಿನ ಮನೆಯ ತಮಟೆ ಭಾರವಾಗಿ, ಪೆಟ್ಟಿಗೂ ಪೆಟ್ಟಿಗೂ ಅಂತರ ಬಿಟ್ಟು ನಡೆಯುತ್ತದೆ. ಹೊಲದಲ್ಲಿ ರಾಗಿ ಕಳೆ ಕೀಳುತ್ತಿದ್ದ ಹೆಂಗಸರು ದೂರದ ದನಿ ಕೇಳಿ, ಊರಲ್ಲಿ ಏನಾಯಿತೆಂದು ಯಾರೂ ಬಂದು ಹೇಳದೆಯೇ ತಿಳಿದುಕೊಳ್ಳುತ್ತಿದ್ದರು.

ಕರಗದ ರಾತ್ರಿಗೆ ಬರೋಣ. ಕರಗ ಹೊತ್ತವರ ತಲೆಯ ಮೇಲೆ ಹೂವಿನ ಎತ್ತರದ ಕರಗ, ಅದಕ್ಕೆ ಕೈ ತಾಗಿಸುವಂತಿಲ್ಲ. ಅವರು ಕುಣಿಯುತ್ತ ಸಾಗಬೇಕು. ಆ ಕುಣಿತ ತಮಟೆಯ ಮೇಲೆ ನಿಂತಿರುತ್ತದೆ. ಚೌಕಗಳಲ್ಲಿ ನಿಂತು ಆಡುವಾಗ ಕರಗದವರೂ ತಮಟೆಯವರೂ ಎದುರುಬದುರು ನಿಂತು ಒಬ್ಬರನ್ನೊಬ್ಬರು ಕೆಣಕುತ್ತಾರೆ. ತಮಟೆ ಒಂದು ವರಸೆ ಕೊಡುತ್ತದೆ, ಪಾದ ಅದಕ್ಕೆ ಉತ್ತರ ಕೊಡುತ್ತದೆ. ವೇಗ ಏರುತ್ತದೆ. ಹಾಗೆ ಏರಿಸುತ್ತಲೇ ಹೋದರೆ ಕರಗ ಹೊತ್ತವರೂ ಸೋಲುತ್ತಾರೆ, ಸುತ್ತ ಕುಣಿಯುವ ಹುಡುಗರೂ ಸೋಲುತ್ತಾರೆ, ಬೆಳಗಿನವರೆಗೆ ಯಾರೂ ಉಳಿಯುವುದಿಲ್ಲ. ಆದ್ದರಿಂದ ಒಳ್ಳೆಯ ತಮಟೆಯವನು ಏರಿಸುವುದಕ್ಕಿಂತ ಇಳಿಸುವುದನ್ನು ಚೆನ್ನಾಗಿ ಬಲ್ಲವನು. ತುತ್ತತುದಿಗೆ ಕೊಂಡೊಯ್ದು ಇದ್ದಕ್ಕಿದ್ದಂತೆ ಬಲಗೈ ನಿಲ್ಲಿಸಿಬಿಡುತ್ತಾನೆ. ಆಗ ಉಳಿಯುವುದು ಎಡಗೈಯ ಬಿದಿರ ಕಡ್ಡಿಯ ‘ಟಕ ಟಕ ಟಕ’ ಮಾತ್ರ. ಸಾವಿರ ಜನರ ಕಾಲು ಗಾಳಿಯಲ್ಲಿ ನಿಂತಂತಾಗುತ್ತದೆ. ಯಾವಾಗ ಬೀಳುತ್ತದೆ, ಯಾವಾಗ ಬೀಳುತ್ತದೆ ಎಂದು ಎಲ್ಲರ ಮೈ ಕಾಯುತ್ತದೆ. ಕಾಯಿಸಬೇಕಾದಷ್ಟು ಕಾಯಿಸಿ ಅವನು ಬಲಗೈ ಇಳಿಸುತ್ತಾನೆ. ಬೀದಿ ಹಾರುತ್ತದೆ.

ಲೋಕದ ಬೇರೆ ಮೂಲೆಗಳಲ್ಲೂ ಇದೇ ಗುಟ್ಟನ್ನು ಕಂಡುಕೊಂಡವರಿದ್ದಾರೆ. ಅಮೆರಿಕದ ಷಿಕಾಗೋದಲ್ಲಿ 1977ರಲ್ಲಿ ವೇರ್‌ಹೌಸ್ ಎಂಬ ನೃತ್ಯದ ಕ್ಲಬ್ಬು ತೆರೆಯಿತು. ನ್ಯೂಯಾರ್ಕಿನಿಂದ ಬಂದ ಫ್ರಾಂಕಿ ನಕಲ್ಸ್ ಅಲ್ಲಿ ರೆಕಾರ್ಡುಗಳನ್ನು ಒಂದಕ್ಕೊಂದು ಬೆಸೆದು ರಾತ್ರಿಯಿಡೀ ಜನರನ್ನು ಕುಣಿಸುತ್ತಿದ್ದ. ಆ ಕ್ಲಬ್ಬಿನ ಹೆಸರಿನ ಬಾಲವೇ ಮುಂದೆ ಜಗತ್ತಿಗೆಲ್ಲ ಹಬ್ಬಿದ ‘ಹೌಸ್’ ಸಂಗೀತದ ಹೆಸರಾಯಿತು. ಅದರ ಲಯ ನಿಮಿಷಕ್ಕೆ ಸುಮಾರು 120ರಿಂದ 130 ಪೆಟ್ಟು. ಪ್ರತಿ ಪೆಟ್ಟಿಗೂ ಒಂದು ಗುಡುಗಿನಂಥ ದನಿ, ಆ ಗುಡುಗುಗಳ ನಡುವೆ ತೆಳುವಾದ ತಾಳದ ತಟ್ಟು. ಜಪಾನಿನ ರೋಲೆಂಡ್ ಕಂಪನಿ 1983ರಲ್ಲಿ ತಂದ ಟಿಆರ್-909 ಎಂಬ ಯಂತ್ರದಲ್ಲಿ ಈ ಎರಡು ದನಿಗಳಿಗೆ ಬೇರೆ ಬೇರೆ ಗುಂಡಿಗಳಿದ್ದವು. ಆ ಗುಂಡಿಗಳಲ್ಲಿ ನನಗೆ ಕಾಣುವುದು ಬಲಗೈಯ ಕೋಲು ಮತ್ತು ಎಡಗೈಯ ಕಡ್ಡಿ. ಡಿಜೆಗಳೂ ಹಾಗೆಯೇ ಮಾಡುತ್ತಾರೆ. ಗುಡುಗನ್ನು ತೆಗೆದು, ತೆಳು ತಟ್ಟನ್ನು ಮಾತ್ರ ಉಳಿಸಿ, ಜನರನ್ನು ಕಾಯಿಸಿ, ಗುಡುಗನ್ನು ಮರಳಿ ಬಿಡುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1982ರಿಂದ 1997ರವರೆಗೆ ನಡೆದ ಹಸಿಯೆಂಡಾ ಕ್ಲಬ್ಬು ಈ ಸಂಗೀತವನ್ನು ಯುರೋಪಿನ ಯುವಕರಿಗೆ ಹಿಡಿಸಿತು. ಅದರ ಚರಿತ್ರೆಯ ಮೇಲೆ ಪುಸ್ತಕಗಳಿವೆ, ಸಿನಿಮಾ ಇದೆ.

ನನ್ನನ್ನು ಇನ್ನೂ ಹೆಚ್ಚು ಹಿಡಿದು ನಿಲ್ಲಿಸುವುದು ಇನ್ನೊಂದು ಹೋಲಿಕೆ. ವೇರ್‌ಹೌಸಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ, ಲ್ಯಾಟಿನೋ ಜನ, ಸಲಿಂಗಿಗಳು. ಊರಿನ ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡವರು. ಬಾಗಿಲು ಮುಚ್ಚಿಸಿಕೊಂಡವರು ಕಟ್ಟಿದ ಸಂಗೀತಕ್ಕೆ ಆಮೇಲೆ ಲೋಕವೆಲ್ಲ ಕುಣಿಯಿತು. ತಮಟೆಯ ಕಥೆಯನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ತಮಟೆಯನ್ನು ಕಟ್ಟಿದವರು, ಕಾಯಿಸಿದವರು, ಬಾರಿಸಿದವರು ನಮ್ಮ ಸೀಮೆಯ ಮಾದಿಗರು, ಹೊಲೆಯರು. ಸತ್ತ ದನದ ಚರ್ಮ ಸುಲಿಯುವ ಕೆಲಸವನ್ನು ಅವರ ಮೇಲೆ ಹೊರಿಸಿ, ಆ ಚರ್ಮ ಮುಟ್ಟಿದ್ದಕ್ಕೆ ಅವರನ್ನೇ ಮುಟ್ಟಬಾರದವರೆಂದ ಸಮಾಜ ಇದು. ಅವರ ತಮಟೆಯಿಲ್ಲದೆ ಊರ ದೇವರು ಹೊರಗೆ ಬರುವಂತಿಲ್ಲ. ಆ ದೇವರ ಗುಡಿಯ ಒಳಗೆ ಅವರು ಕಾಲಿಡುವಂತಿಲ್ಲ. ಜಾತ್ರೆಗೆ ಬಾರಿಸುವುದು, ಸಾವಿಗೆ ಬಾರಿಸುವುದು, ಡಂಗುರ ಹೊಡೆಯುವುದು ಅವರು ಆರಿಸಿಕೊಂಡ ಕೆಲಸವಾಗಿರಲಿಲ್ಲ, ಊರು ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಕೂಲಿಯೆಂದರೆ ಒಂದಿಷ್ಟು ರಾಗಿ, ಹಬ್ಬದ ಉಳಿದ ಊಟ. ಮೆರವಣಿಗೆಯ ಎಲ್ಲಕ್ಕಿಂತ ಮುಂದೆ ನಡೆಯುತ್ತಿದ್ದವರು ಪಂಕ್ತಿಯಲ್ಲಿ ಎಲ್ಲಕ್ಕಿಂತ ಹಿಂದೆ, ಹೊರಗೆ ಕೂರುತ್ತಿದ್ದರು. ಇದನ್ನು ಬದಿಗಿಟ್ಟು ತಮಟೆಯ ಸೊಗಸನ್ನು ಮಾತ್ರ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಇದೇ ಕಾರಣಕ್ಕೆ ಎಷ್ಟೋ ಹಳ್ಳಿಗಳಲ್ಲಿ ಓದಿದ ಮಕ್ಕಳು ಇನ್ನು ಮೇಲೆ ನಾವು ತಮಟೆ ಬಾರಿಸುವುದಿಲ್ಲ ಎಂದು ಕೋಲು ಕೆಳಗಿಟ್ಟರು. ಅವರು ಮಾಡಿದ್ದು ಸರಿ. ಬೇಡ ಎನ್ನುವ ಹಕ್ಕಿಲ್ಲದ ಕಡೆ ಕಲೆ ಎಂಬ ಮಾತಿಗೆ ಬೆಲೆಯಿಲ್ಲ.

ಅದೇ ಮಕ್ಕಳ ತಲೆಮಾರು ತಮಟೆಯನ್ನು ಮತ್ತೆ ಎತ್ತಿಕೊಂಡದ್ದೂ ಉಂಟು, ಬೇರೆ ಕಡೆ, ಬೇರೆ ಕಾರಣಕ್ಕೆ. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಜಾಥಾಗಳಲ್ಲಿ ಮೊದಲು ಕೇಳುತ್ತಿದ್ದದ್ದು ತಮಟೆಯ ಸದ್ದು. ಊರಿನವರು ಕರೆದಾಗ ಹೋಗಿ ಬಾರಿಸುತ್ತಿದ್ದ ವಾದ್ಯ ಊರಿನವರನ್ನೇ ಕರೆಯುವ ವಾದ್ಯವಾಯಿತು. ಪಕ್ಕದ ಕೋಲಾರದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರವನ್ನು ಕಟ್ಟಿ, ‘ಹುಣ್ಣಿಮೆ ಹಾಡು’ ಎಂದು ತಿಂಗಳ ಬೆಳಕಿನಲ್ಲಿ ಹಾಡು, ನಾಟಕ, ವಾದ್ಯಗಳನ್ನು ಕೂಡಿಸಿದರು. ಬಂಡೆಗಳ ನಡುವೆ, ಬೆಳದಿಂಗಳಲ್ಲಿ, ಟಿಕೆಟ್ಟಿಲ್ಲದೆ, ಜಾತಿ ಕೇಳದೆ ಸೇರುವ ಆ ರಾತ್ರಿಗಳು ನನ್ನ ಪಾಲಿಗೆ ಈ ಸೀಮೆಯ ಅತ್ಯುತ್ತಮ ನೃತ್ಯಶಾಲೆ.

ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ಹೆಸರು ಈಗ ದೇಶಕ್ಕೆ ಗೊತ್ತು. ಹದಿಹರೆಯದಲ್ಲಿ ಹಿಡಿದ ತಮಟೆಯನ್ನು ಎಪ್ಪತ್ತು ದಾಟಿದ ಮೇಲೂ ಬಿಡದೆ, ತಂಡ ಕಟ್ಟಿ, ಹೊಸಬರಿಗೆ ಕಲಿಸಿದವರು. 2023ರ ಗಣರಾಜ್ಯೋತ್ಸವದ ಸಂದರ್ಭದಲ್ಲಿ ಅವರಿಗೆ ಪದ್ಮಶ್ರೀ ಪ್ರಕಟವಾಯಿತು. ಅವರು ಹುಟ್ಟಿ ಬೆಳೆದಾಗ ಈ ಭಾಗವೆಲ್ಲ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಪದ್ಮಶ್ರೀಯ ಸುದ್ದಿ ಬಂದ ದಿನ ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಂಚಿದ ಸಿಹಿಯ ಹಿಂದೆ ಒಂದು ಪ್ರಶಸ್ತಿಯ ಸಂತೋಷಕ್ಕಿಂತ ದೊಡ್ಡದು ಏನೋ ಇತ್ತು. ದೇವಸ್ಥಾನದ ಹೊರಗೆ ನಿಲ್ಲಿಸಿದ್ದ ವಾದ್ಯವೊಂದು ರಾಷ್ಟ್ರಪತಿ ಭವನದ ಒಳಕ್ಕೆ ಹೆಸರು ಕೂಗಿಸಿಕೊಂಡು ಹೋಯಿತು.

ಇಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ರಾತ್ರಿ ಕುಣಿತದ ಕಥೆ ಬೇರೆ ದಾರಿ ಹಿಡಿಯಿತು. ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗೆಂದು 2005ರಲ್ಲಿ ಆದೇಶ ಬಂತು, ಲೈವ್ ಬ್ಯಾಂಡ್ ನಡೆಸುವವರು ಕೋರ್ಟಿಗೆ ಹೋದರು, 2018ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಎಷ್ಟು ಗಂಟೆಯವರೆಗೆ ಬಾಗಿಲು ತೆರೆದಿರಬೇಕು, ಯಾರು ಕುಣಿಯಬಹುದು ಎಂಬ ವಾದ ಅಲ್ಲಿ ವರ್ಷಗಟ್ಟಲೆ ನಡೆಯಿತು. ವಾರಾಂತ್ಯಕ್ಕೆ ನಮ್ಮೂರ ಹುಡುಗರೂ ಆ ಕ್ಲಬ್ಬುಗಳಿಗೆ ಹೋಗಿ ಬರುತ್ತಾರೆ. ಅವರ ಮೇಲೆ ನನಗೆ ದೂರಿಲ್ಲ. ಒಳ್ಳೆಯ ಡಿಜೆ ಜನರ ಮೈಯನ್ನು ಓದಬಲ್ಲ ಕಲಾವಿದ.

ದೂರಿರುವುದು ಗಣೇಶನ ಮೆರವಣಿಗೆಯ ಲಾರಿಯ ಮೇಲೆ ಗೋಡೆಯಂತೆ ಜೋಡಿಸುವ ಸ್ಪೀಕರುಗಳ ಬಗ್ಗೆ. ಅದನ್ನೂ ಡಿಜೆ ಎಂದೇ ಕರೆಯುತ್ತಾರೆ. ಅಲ್ಲಿ ಜನರ ಕಾಲನ್ನು ನೋಡುವವರು ಯಾರೂ ಇಲ್ಲ. ಪೆನ್‌ಡ್ರೈವ್ ಒಂದು ಓಡುತ್ತಿರುತ್ತದೆ. ಏರುವುದೇ ಇದೆ, ಇಳಿಯುವುದಿಲ್ಲ. ಮನೆಯ ಕಿಟಕಿ ನಡುಗುತ್ತದೆ, ಹಸುಗೂಸು ಬೆಚ್ಚುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿವೆ, ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅವಕಾಶ ಇಟ್ಟಿವೆ. ಆ ಸ್ಪೀಕರಿನ ಬಾಡಿಗೆಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲನ್ನು ಹತ್ತು ಜನರ ತಮಟೆ ತಂಡಕ್ಕೆ ಕೊಟ್ಟರೆ, ಕುಣಿತವೂ ಉಳಿಯುತ್ತದೆ, ಹತ್ತು ಮನೆಗೆ ಹಣವೂ ಸೇರುತ್ತದೆ.

ತಮಟೆಯೂ ಬದಲಾಗುತ್ತಿದೆ. ಈಗ ಹೆಚ್ಚಿನ ತಂಡಗಳ ಕೈಯಲ್ಲಿ ಫೈಬರ್ ಹಾಳೆಯ ತಮಟೆ ಬಂದಿದೆ. ಹಗುರ, ಮಳೆಗೆ ನೆನೆದರೂ ಸೋಲುವುದಿಲ್ಲ, ಬೆಂಕಿ ಬೇಡ, ಚರ್ಮ ಹದ ಮಾಡುವ ನಾತದ ಕೆಲಸವಿಲ್ಲ. ಮುಟ್ಟು ಮೈಲಿಗೆಯ ಹಳೆಯ ನೋವನ್ನು ಉಂಡವರಿಗೆ ಇದು ಸಣ್ಣ ಬಿಡುಗಡೆಯಲ್ಲ. ಅವರ ಆಯ್ಕೆಯನ್ನು ಪ್ರಶ್ನಿಸಲು ನಾನು ಯಾರು? ಆದರೂ ಕಿವಿ ತನ್ನ ಮಾತು ಹೇಳಿಯೇ ಹೇಳುತ್ತದೆ. ಫೈಬರಿನ ದನಿ ಸಂಜೆ ಹೇಗಿತ್ತೋ ಬೆಳಗಿನ ಜಾವಕ್ಕೂ ಹಾಗೆಯೇ ಇರುತ್ತದೆ. ಚರ್ಮದ ತಮಟೆ ರಾತ್ರಿಯ ಜೊತೆ ಬದಲಾಗುತ್ತದೆ. ಬೆಂಕಿಯಿಂದ ಎದ್ದು ಬಂದ ಮೊದಲ ಪೆಟ್ಟಿಗೆ ಇರುವ ಹೊಳಪು, ಅರ್ಧ ಗಂಟೆ ಕಳೆದ ಮೇಲೆ ಅದು ಮೆತ್ತಗಾಗುತ್ತ ಬರುವ ಬಗೆ, ಮತ್ತೆ ಬೆಂಕಿಗೆ ಹೋಗುವ ಬಿಡುವು, ಆ ಬಿಡುವಿನಲ್ಲಿ ಕುಣಿದವರ ಉಸಿರು ಮರಳುವುದು, ಇವೆಲ್ಲ ಸೇರಿ ಇಡೀ ರಾತ್ರಿಗೆ ಒಂದು ನಡೆ ಕೊಡುತ್ತಿದ್ದವು. ಆ ಬಿಡುವೇ ಬೆಳಗಿನವರೆಗೆ ಕುಣಿಯುವ ಶಕ್ತಿಯನ್ನು ಕೊಡುತ್ತಿತ್ತು ಎಂದು ನನ್ನ ನಂಬಿಕೆ.

ಕಲಿಯುವವರಿಗೆ ಕೊರತೆಯಿಲ್ಲ. ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ತಮಟೆ ಕೇಳಿದರೆ ಮೊದಲು ಎದ್ದು ನಿಲ್ಲುವವರು ಹುಡುಗಿಯರು. ಬೇಕಾಗಿರುವುದು ಕಲಿಸುವವರಿಗೆ ಮೇಷ್ಟರ ಮರ್ಯಾದೆ, ಮೇಷ್ಟರ ಸಂಬಳ. ಸಂಗೀತದ ಮೇಷ್ಟರೆಂದರೆ ಹಾರ್ಮೋನಿಯಂ ಇಟ್ಟುಕೊಂಡವರು ಎಂದೇ ನಮ್ಮ ಶಾಲೆಗಳು ತಿಳಿದಿವೆ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ತಮಟೆ ಪಾಠ ಶುರುವಾಗಬೇಕು, ಯಾವ ಕೇರಿಯ ಮಗುವೆಂದು ಕೇಳದೆ ಎಲ್ಲ ಮಕ್ಕಳ ಕೈಗೂ ಆ ಎರಡು ಕಡ್ಡಿ ಬರಬೇಕು. ಒಂದೇ ಕೇರಿಯ ಹೆಗಲ ಮೇಲೆ ಹೊರಿಸಿದ್ದ ವಾದ್ಯ ಎಲ್ಲರ ಹೆಗಲಿಗೂ ಬಂದಾಗಲೇ ಅದರ ಮೇಲಿನ ಹಳೆಯ ಕಳಂಕ ಕಳೆಯುತ್ತದೆ.

ಬರುವ ಬೇಸಿಗೆಯಲ್ಲಿ ಶಿಡ್ಲಘಟ್ಟಕ್ಕೋ ಚಿಂತಾಮಣಿಗೋ ಚಿಕ್ಕಬಳ್ಳಾಪುರಕ್ಕೋ ಕರಗದ ರಾತ್ರಿ ಬನ್ನಿ. ಕರಗವನ್ನು ನೋಡಿ, ಕೈ ಮುಗಿಯಿರಿ. ಆಮೇಲೆ ತಮಟೆಯವರ ಹತ್ತಿರ, ಸಾಧ್ಯವಾದಷ್ಟು ಹತ್ತಿರ ನಿಂತು ಅವರ ಎಡಗೈಯನ್ನು ಸ್ವಲ್ಪ ಹೊತ್ತು ನೋಡಿ. ಅವರು ಬೆಂಕಿಗೆ ಹೋದಾಗ ಜೊತೆಯಲ್ಲಿ ಹೋಗಿ ಕೂತುಕೊಳ್ಳಿ, ಜಾಗ ಮಾಡಿಕೊಡುತ್ತಾರೆ. ಹಾಗೆ ಕೂತಾಗ ಅವರ ಹೆಸರು ಕೇಳಿ. ಬೇವಿನ ಮರದ ಸುತ್ತ ನನ್ನನ್ನು ನಡೆಸಿದ ಆ ತಾತನ ಹೆಸರನ್ನು ನಾನು ಕೇಳಿರಲಿಲ್ಲ.